ಬಾಕ್ಸ್ ಬದಲಿಸುವ ಮುನ್ನ

ನವೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಗ್ಯಾರೇಜುಗಳಿಗೂ ಹಂಗಾಮು ಬಂತೆಂದೇ ಲೆಕ್ಕ. ಉಗಾರಕ್ಕೋ ಕೊಕಟನೂರಿಗೋ ಕಬ್ಬು ಹೊತ್ತು ಹೊರಟ ಗಾಡಿ ದಾರಿಯಲ್ಲಿ ಬಂದ್ ಬಿದ್ದರೆ ಮಾಲೀಕನ ಜೀವ ಬಾಯಿಗೆ ಬರುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಸುತ್ತ ನೆರೆದವರಲ್ಲಿ ಒಬ್ಬರಾದರೂ ‘ಇಸಿಎಂ ಹೋಗೇತಿ’ ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ. ಇಸಿಎಂ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಬಾಕ್ಸ್ (ಎಂಜಿನ್ ಕಂಟ್ರೋಲ್ ಮಾಡ್ಯೂಲ್). ಹೊಸ ಬಾಕ್ಸಿನ ಬೆಲೆ ಕೇಳಿದ ಮೇಲೆ ಮಾಲೀಕನಿಗೆ ಮಾತು ಹೊರಡುವುದಿಲ್ಲ.

ನಿಜ ಹೇಳಬೇಕೆಂದರೆ, ಹೀಗೆ ಬೈಸಿಕೊಳ್ಳುವ ಬಾಕ್ಸುಗಳಲ್ಲಿ ಬಹಳಷ್ಟು ನಿರಪರಾಧಿಗಳು. ಅದನ್ನು ಸಾಬೀತು ಮಾಡುವ ವೈರಿಂಗ್ ಮಿಸ್ತ್ರಿಯ ಕಸುಬನ್ನು ಪರಿಚಯಿಸುವುದು ಈ ಬರಹದ ಕೆಲಸ.

ಹಳೆಯ ಡೀಸೆಲ್ ಎಂಜಿನ್ನಿಗೆ ಇಂಥ ಬಾಕ್ಸಿನ ಹಂಗಿರಲಿಲ್ಲ. ಬ್ಯಾಟರಿ ಸತ್ತರೂ ನಾಲ್ಕು ಜನ ನೂಕಿದರೆ ಚಾಲೂ ಆಗುತ್ತಿತ್ತು. ಪಂಪು, ನಾಜಲ್ ತಿಳಿದವನೇ ಆಗ ದೊಡ್ಡ ಮಿಸ್ತ್ರಿ. ಹೊಗೆಯ ನಿಯಮ ಬಿಗಿಯಾದಂತೆ ಕಾಮನ್ ರೈಲ್ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂತು. ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲನ್ನು ಯಾವ ಕ್ಷಣಕ್ಕೆ, ಎಷ್ಟು ಸಿಡಿಸಬೇಕೆಂದು ತೀರ್ಮಾನಿಸುವುದು ಈಗ ಅಂಗೈಯಗಲದ ಆ ಅಲ್ಯೂಮಿನಿಯಂ ಡಬ್ಬಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಸೆನ್ಸರ್‌ಗಳೂ ಹೆಚ್ಚಿದವು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೂ ಬಿಗಿ ನಿಯಮ ಬಂದು, ಹೊಲಕ್ಕೂ ಕಂಪ್ಯೂಟರ್ ಇಳಿದಿದೆ.

ಬಲ್ಲ ಮಿಸ್ತ್ರಿ ಬಂದವನೇ ಬಾಕ್ಸ್ ಬಿಚ್ಚುವುದಿಲ್ಲ. ಚಾವಿ ಆನ್ ಮಾಡಿ ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತುತ್ತದೋ ಇಲ್ಲವೋ ನೋಡುತ್ತಾನೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾನೆ. ಲೈಟೂ ಇಲ್ಲ, ಸ್ಕ್ಯಾನರಿಗೆ ಉತ್ತರವೂ ಇಲ್ಲ ಎಂದರೆ ಬಾಕ್ಸ್ ಸತ್ತಿರಬಹುದು. ಅದಕ್ಕೆ ಕರೆಂಟೇ ತಲುಪದೆಯೂ ಇರಬಹುದು. ಅರೆಬರೆ ಕಲಿತವರು ಎಡವುವುದು ಇಲ್ಲೇ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಅದಕ್ಕೇ ಅನುಭವಿ ಮಿಸ್ತ್ರಿ ಹೆಡ್‌ಲೈಟಿನದೊಂದು ಹಳೆ ಬಲ್ಬಿಗೆ ಎರಡು ವೈರ್ ಬೆಸೆದು ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ಬಾಕ್ಸಿನ ಕನೆಕ್ಟರ್ ಕಳಚಿ, ಕರೆಂಟ್ ಬರುವ ಪಿನ್ನಿಗೂ ಅರ್ಥಿಂಗ್ ಪಿನ್ನಿಗೂ ಆ ಬಲ್ಬ್ ಹಚ್ಚುತ್ತಾನೆ. ಝಗ್ಗನೆ ಉರಿದರೆ ಲೈನ್ ಸರಿ. ಮಂಕಾಗಿ ಮಿಣಿಮಿಣಿ ಎಂದರೆ ರೋಗ ಬಾಕ್ಸಿನಲ್ಲಿಲ್ಲ, ದಾರಿಯಲ್ಲಿದೆ.

ಇನ್ನೊಂದು ಮೋಸ 5 ವೋಲ್ಟಿನದು. ಹಲವು ಸೆನ್ಸರ್‌ಗಳಿಗೆ ಬಾಕ್ಸ್ 5 ವೋಲ್ಟ್ ಕಳಿಸುತ್ತದೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಅದೇ ಲೈನಿನ ಉಳಿದ ಸೆನ್ಸರ್‌ಗಳೂ ಮೂಕವಾಗುತ್ತವೆ. ನೋಡುವವರಿಗೆ ಬಾಕ್ಸೇ ಸತ್ತಂತೆ ಕಾಣುತ್ತದೆ. ಮಿಸ್ತ್ರಿ ಒಂದೊಂದೇ ಸೆನ್ಸರಿನ ಕಪ್ಲರ್ ಕಳಚುತ್ತ ಮೀಟರ್ ಮೇಲೆ ಕಣ್ಣಿಟ್ಟಿರುತ್ತಾನೆ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ. ಒಂದು ಸೆನ್ಸರಿನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಬಾಕ್ಸಿನ ದುಡ್ಡು ತೆತ್ತವರು ಕಡಿಮೆಯೇನಲ್ಲ.

ಹಾಗಂತ ಬಾಕ್ಸ್ ಕೆಡುವುದೇ ಇಲ್ಲವೆಂದಲ್ಲ. ಈ ಸೀಮೆಯಲ್ಲಿ ಅದಕ್ಕೆ ಶತ್ರುಗಳೂ ಹೆಚ್ಚು. ಹಂಗಾಮಿಗೆ ಮೊದಲು ಟ್ರೇಲರಿನ ಬಿರುಕಿಗೆ, ಲಾರಿಯ ಚಾಸಿಗೆ ವೆಲ್ಡಿಂಗ್ ನಡೆಯುತ್ತದೆ. ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸಿಟ್ಟೇ, ಬ್ಯಾಟರಿ ಕಳಚದೇ ವೆಲ್ಡಿಂಗ್ ಹೊಡೆದರೆ ಆ ಕರೆಂಟ್ ಅಡ್ಡದಾರಿ ಹಿಡಿದು ಬಾಕ್ಸನ್ನೂ ಸುಟ್ಟೀತು. ಕಬ್ಬಿನ ಗದ್ದೆಯ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಪ್ರಿಯ, ಅದರ ವೈರಿಂಗ್ ಇನ್ನೂ ಪ್ರಿಯ. ಮೇಲೆ ನದಿಗಳು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಾಗ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೇ ನೀರು ಬಂದಿತ್ತು. ನೀರಲ್ಲಿ ನಿಂತ ಗಾಡಿ ಒಣಗಿಸಿದ ಮೇಲೆ ಸುಮ್ಮನೆ ಓಡಬಹುದು. ಆದರೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹತ್ತಿದ್ದರೆ ತಿಂಗಳುಗಳ ನಂತರವೂ ತೊಂದರೆ ಕೊಡುತ್ತದೆ. ಆಗ ನೆರೆಯ ನೆನಪು ಯಾರಿಗೂ ಬರುವುದಿಲ್ಲ.

ಬಾಕ್ಸ್ ನಿಜಕ್ಕೂ ಹೋಗಿದ್ದರೆ? ಬಲ್ಬಿನಂತೆ ತೆಗೆದು ಹಾಕುವ ಸಾಮಾನಲ್ಲ ಇದು. ಲೇಬಲ್ಲಿನ ಮೇಲಿನ ನಂಬರು ಹೊಂದಬೇಕು. ಒಳಗೆ ಗಾಡಿಯ 17 ಅಕ್ಷರ-ಅಂಕಿಗಳ ಚಾಸಿ ನಂಬರ್, ಎಷ್ಟೋ ಗಾಡಿಗಳಲ್ಲಿ ಚಾವಿಯ ಗುಟ್ಟೂ ಇರುತ್ತವೆ. ಅಂಥ ಗಾಡಿಗೆ ಬೇರೆಯದರ ಬಾಕ್ಸ್ ತಂದು ಕೂರಿಸಿದರೆ ಚಾವಿಯನ್ನು ಅದು ಗುರುತಿಸುವುದಿಲ್ಲ, ಎಂಜಿನ್ ಚಾಲೂ ಆಗುವುದಿಲ್ಲ. ಹಾಗಾಗಿ ಹಳೆಯ ಬಾಕ್ಸಿನ ಡೇಟಾ ಓದಿ ಅದೇ ನಂಬರಿನ ಇನ್ನೊಂದಕ್ಕೆ ತುಂಬುತ್ತಾರೆ. ಇದೇ ‘ಕ್ಲೋನಿಂಗ್’. ಹಳೆಯದು ಓದಲಿಕ್ಕೂ ಬಾರದಷ್ಟು ಸುಟ್ಟಿದ್ದರೆ, ಮೆಮರಿ ಚಿಪ್ ಬದುಕಿದೆಯೇ ನೋಡಿ ಅದನ್ನೇ ಕಿತ್ತು ಬೆಸೆಯುವ ಕೈಗಳೂ ಇವೆ. ಎಷ್ಟೋ ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಕೊರೆದ ಕೋಡನ್ನೂ ಹೊಸ ಬಾಕ್ಸಿಗೆ ಉಣಿಸಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ಎಂಜಿನ್ ನಡುಗುತ್ತದೆ, ಹೊಗೆ ಉಗುಳುತ್ತದೆ. ಮಾಲೀಕ ಹೊಸ ಬಾಕ್ಸೇ ಖೊಟ್ಟಿ ಎಂದು ಮತ್ತೆ ಜಗಳಕ್ಕೆ ನಿಲ್ಲುತ್ತಾನೆ.

ಗುಜರಿಯಿಂದ ಬಾಕ್ಸ್ ತರುವುದು ಅಗ್ಗವೇನೋ ಹೌದು, ಆದರೆ ಅದು ಯಾವ ಗಾಡಿಯದೆಂದು ಕೇಳದೇ ತರಬಾರದು. ಕದ್ದ ಮಾಲಿಗೂ ಇದೇ ದಾರಿ.

ಆದ್ದರಿಂದ ಗಾಡಿ ಮಾಲೀಕರಲ್ಲಿ ವಿನಂತಿ ಇಷ್ಟೇ. ವೆಲ್ಡಿಂಗ್‌ಗೆ ಬಿಡುವಾಗ ಟ್ರೇಲರನ್ನು ಬೇರ್ಪಡಿಸಿ. ಗಾಡಿಗೇ ವೆಲ್ಡಿಂಗ್ ಇದ್ದರೆ ಬ್ಯಾಟರಿ ಕಳಚಿ, ಸಾಧ್ಯವಾದರೆ ಇಸಿಎಂ ಕನೆಕ್ಟರನ್ನೂ ತೆಗೆಸಿ. ಬಾಕ್ಸ್ ಹೋಗಿದೆ ಎಂದವರಿಗೆ ಕರೆಂಟ್, ಅರ್ಥಿಂಗ್, 5 ವೋಲ್ಟ್ ಮೂರನ್ನೂ ನಿಮ್ಮೆದುರೇ ತೋರಿಸಲು ಹೇಳಿ. ಬದಲಿಸಿದ ಮೇಲೆ ಹಳೆಯ ಬಾಕ್ಸನ್ನು ಬಿಲ್ಲಿನ ಜೊತೆ ಕೇಳಿ ಮನೆಗೆ ಒಯ್ಯಿರಿ; ನಿಮ್ಮ ಗಾಡಿಯ ಡೇಟಾ ಇರುವುದು ಅದರಲ್ಲೇ.