ಯಾರ ಪಕ್ಕ ಯಾರು: ಕೋಟೆ ಸೀಮೆಯ ನಲಿ-ಕಲಿ ಮತ್ತು ಕೂಡಿ ಬಾಳುವ ಪಾಠ

ಆರರಿಂದ ಎಂಟು ವರ್ಷದ ಮಕ್ಕಳಿಗೆ ಊರಿನವರೊಡನೆ ಕೂಡಿ ಬಾಳುವುದನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುತ್ತ ಬಂದಿರುವ ಉತ್ತರ ಎಲ್ಲರಿಗೂ ಪರಿಚಿತವಾದುದು: ಮೊದಲು ಕುಟುಂಬ, ಆಮೇಲೆ ನೆರೆಹೊರೆ, ಆಮೇಲೆ ಊರು, ಅದರ ಜೊತೆಗೆ ರೈತ, ಬಡಗಿ, ಕುಂಬಾರ, ಅಂಚೆಯವರ ಚಿತ್ರಗಳು, ಕೊನೆಗೆ ಎಲ್ಲರೂ ಒಂದಾಗಿ ಬಾಳಬೇಕೆಂಬ ಒಂದು ಸಾಲು. ಈ ಪಾಠದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದುವ ಹಳ್ಳಿಯ ಮಗುವಿಗೆ ಯಾವ ಕೇರಿಯಲ್ಲಿ ಯಾರಿದ್ದಾರೆ, ಯಾರ ಮನೆಯ ಜಗಲಿಯವರೆಗೆ ಮಾತ್ರ ಹೋಗಬಹುದು, ಯಾರ ಮನೆಯಲ್ಲಿ ನೀರು ಮುಟ್ಟಬಾರದು ಎಂಬುದೆಲ್ಲ ಅಕ್ಷರ ತಿದ್ದುವ ಮೊದಲೇ ತಿಳಿದಿರುತ್ತದೆ. ಯಾರೂ ಬಾಯಿಬಿಟ್ಟು ಹೇಳಿಕೊಡದೆ, ದೊಡ್ಡವರು ನಡೆದುಕೊಳ್ಳುವ ರೀತಿಯನ್ನು ನೋಡಿಯೇ ಮಗು ಕಲಿತ ಆ ವಿದ್ಯೆಯನ್ನು ಪುಸ್ತಕದ ಒಂದು ಸಾಲು ಅಳಿಸಲಾರದು. ಅದನ್ನು ಅಲುಗಾಡಿಸಬಲ್ಲದ್ದು ಏನಾದರೂ ಇದ್ದರೆ, ಅದು ಶಾಲೆಯೊಳಗೆ ಯಾರ ಪಕ್ಕ ಯಾರು ಕೂರುತ್ತಾರೆ, ಯಾರಿಂದ ಯಾರು ಕಲಿಯುತ್ತಾರೆ, ಯಾರ ಕೈಯ ಅಡುಗೆಯನ್ನು ಯಾರು ಉಣ್ಣುತ್ತಾರೆ ಎಂಬ ದಿನನಿತ್ಯದ ಏರ್ಪಾಡು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ಪದ್ಧತಿಯನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ.

ಈ ತಾಲ್ಲೂಕನ್ನು ಸುತ್ತಲಿನ ಜನ ಸರಳವಾಗಿ ‘ಕೋಟೆ’ ಎಂದೇ ಕರೆಯುತ್ತಾರೆ. ಒಂದು ಕಡೆ ಕಬಿನಿ ಜಲಾಶಯ, ಇನ್ನೊಂದು ಕಡೆ ನಾಗರಹೊಳೆ ಮತ್ತು ಬಂಡೀಪುರದ ಕಾಡು, ನಡುವೆ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು ಇರುವ ಈ ಸೀಮೆಯಲ್ಲಿ ಒಕ್ಕಲು ಮಾಡುವ ಹಲವು ಜಾತಿಗಳ ಊರುಗಳ ಪಕ್ಕದಲ್ಲೇ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗರ ಹಾಡಿಗಳಿವೆ. ಹಾಡಿ ಎಂದರೆ ಕಾಡಿನ ಅಂಚಿನ ಅಥವಾ ಕಾಡಿನೊಳಗಿನ ಬುಡಕಟ್ಟು ಜನರ ವಸತಿ. ಕೇಂದ್ರ ಸರ್ಕಾರವು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಕರ್ನಾಟಕದಲ್ಲಿ ಗುರುತಿಸಿರುವುದು ಎರಡನ್ನು ಮಾತ್ರ, ಕರಾವಳಿಯ ಕೊರಗರನ್ನು ಮತ್ತು ಇಲ್ಲಿನ ಜೇನುಕುರುಬರನ್ನು. ಅಣೆಕಟ್ಟಿನ ನೀರು ನಿಂತಾಗ ಕೆಲವರು, ಕಾಡು ವನ್ಯಜೀವಿಗಳಿಗೆ ಮೀಸಲಾದಾಗ ಇನ್ನು ಕೆಲವರು ನೆಲೆ ಬಿಟ್ಟು ಬಂದು ಹೊಸ ನೆರೆಯವರಾದರು. ಹೀಗೆ ಹಳೆಯ ಊರು, ಹೊಸ ಬಡಾವಣೆ, ಹಾಡಿ ಇವೆಲ್ಲ ಹತ್ತಿರ ಹತ್ತಿರವಿದ್ದೂ ಪರಸ್ಪರ ಒಳಹೊಕ್ಕು ಬಳಸದ ಪರಿಸ್ಥಿತಿ ಇಲ್ಲಿ ಹೊಸತಲ್ಲ.

ಶಾಲೆಯ ಮಟ್ಟಿಗೆ ಇಲ್ಲಿನ ತೊಡಕು ಬೇರೆಯದೇ ಆಗಿತ್ತು. ಮುಂಗಾರಿನ ಬಿತ್ತನೆಗೆ, ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಅಂದರೆ ಎಲೆ ಬೇಯಿಸಿ ಹದ ಮಾಡುವ ಎತ್ತರದ ಮನೆಯಲ್ಲಿ, ಕೋಲಿಗೆ ಕಟ್ಟಿ ಏರಿಸುವ ಕಾಲಕ್ಕೆ ಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು. ಕಾಫಿ ಹಣ್ಣಾದಾಗ ಹಾಡಿಯ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಕೊಡಗಿನ ತೋಟಗಳಿಗೆ ಹೋಗುತ್ತಿದ್ದವು. ತಿಂಗಳು ಕಳೆದು ಮಗು ಮರಳುವ ಹೊತ್ತಿಗೆ ತರಗತಿ ಹತ್ತಾರು ಪುಟ ಮುಂದೆ ಸಾಗಿರುತ್ತಿತ್ತು, ಮಗು ಹಿಂದಿನ ಸಾಲಿಗೆ ಸರಿಯುತ್ತಿತ್ತು, ಮುಂದಿನ ವರ್ಷ ಬರುವುದನ್ನೇ ನಿಲ್ಲಿಸುತ್ತಿತ್ತು. ಇದರ ಮೇಲೆ, ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳಬೇಕಾದ ಶಾಲೆಗಳೇ ಹೆಚ್ಚಾಗಿದ್ದವು.

ಇದಕ್ಕೆ ದೊರೆತ ದಾರಿಯ ಮೂಲ, ಕುತೂಹಲದ ಸಂಗತಿಯೆಂದರೆ, ಮತ್ತೆ ಕರ್ನಾಟಕದಲ್ಲೇ ಇದೆ. ಡೇವಿಡ್ ಹಾರ್ಸ್‌ಬರೋ ಎಂಬ ಬ್ರಿಟಿಷ್ ಶಿಕ್ಷಣತಜ್ಞರು 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಸಣ್ಣ ಶಾಲೆಯನ್ನು ಕಟ್ಟಿ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಅವರವರ ವೇಗಕ್ಕೆ ತಕ್ಕಂತೆ ಕಲಿಸಿದರು. ಅಲ್ಲಿ ತರಬೇತಿ ಪಡೆದ ದಂಪತಿಗಳು ಆಂಧ್ರಪ್ರದೇಶದ ಮದನಪಲ್ಲೆ ಬಳಿಯ ರಿಷಿ ವ್ಯಾಲಿಯಲ್ಲಿ ಆ ವಿಧಾನವನ್ನು ಬಡ ಹಳ್ಳಿಗಳ ಪುಟ್ಟ ಶಾಲೆಗಳಿಗೆ ಒಗ್ಗುವಂತೆ ಕಾರ್ಡುಗಳ ರೂಪಕ್ಕೆ ತಂದರು. ಕೋಟೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಯುನಿಸೆಫ್‌ನ ನೆರವಿನಿಂದ ಅಲ್ಲಿಗೆ ಹೋಗಿ ನೋಡಿ ಬಂದು, ಕಂಡದ್ದನ್ನು ಹಾಗೆಯೇ ನಕಲು ಮಾಡದೆ, ರಾಜ್ಯದ ಪಠ್ಯಕ್ರಮವನ್ನು ತಾವೇ ಬಿಡಿಸಿ ಸಣ್ಣ ಸಣ್ಣ ಮೆಟ್ಟಿಲುಗಳನ್ನಾಗಿ ಮಾಡಿ, ಕಾರ್ಡುಗಳನ್ನು ಬರೆದು, ಹಾಡು ಕತೆಗಳನ್ನು ಸೇರಿಸಿದರು. ಕೋಲಾರದಿಂದ ಆಂಧ್ರಕ್ಕೆ ಹೋಗಿ ಅಲ್ಲಿಂದ ಕಬಿನಿಯ ದಡಕ್ಕೆ ಬಂದ ಈ ವಿಚಾರ ಉಳಿದದ್ದು ಶಿಕ್ಷಕರು ಅದನ್ನು ತಮ್ಮದನ್ನಾಗಿ ಮಾಡಿಕೊಂಡದ್ದರಿಂದ.

ನಲಿ-ಕಲಿ ಕೋಣೆಯಲ್ಲಿ ಸಾಲು ಬೆಂಚುಗಳಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಅಂದರೆ ಮಗು ಏರಬೇಕಾದ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ಪಟ. ಪ್ರತಿ ಮೆಟ್ಟಿಲಿಗೆ ಪ್ರಾಣಿ, ಪಕ್ಷಿಗಳಂಥ ಒಂದು ಗುರುತಿನ ಚಿತ್ರವಿದ್ದು, ಅದನ್ನು ಲೋಗೋ ಎನ್ನುತ್ತಾರೆ. ಓದಲು ಬಾರದ ಮಗುವೂ ತನ್ನ ಚಿತ್ರವನ್ನು ಹುಡುಕಿ, ಅದೇ ಚಿತ್ರವಿರುವ ಕಾರ್ಡನ್ನು ತೆಗೆದುಕೊಂಡು, ಆ ಚಟುವಟಿಕೆಗೆ ಗೊತ್ತುಮಾಡಿದ ಗುಂಪಿಗೆ ಹೋಗಿ ನೆಲದ ಮೇಲೆ ಸುತ್ತ ಕೂರುತ್ತದೆ. ‘ತಟ್ಟೆ’ ಎಂದು ಕರೆಯುವ ಈ ಗುಂಪುಗಳು ಐದು: ಶಿಕ್ಷಕರ ಪೂರ್ಣ ಸಹಾಯದ್ದು, ಶಿಕ್ಷಕರ ಭಾಗಶಃ ಸಹಾಯದ್ದು, ಸಹಪಾಠಿಗಳ ಪೂರ್ಣ ಸಹಾಯದ್ದು, ಸಹಪಾಠಿಗಳ ಭಾಗಶಃ ಸಹಾಯದ್ದು, ಕೊನೆಯದು ಸ್ವಕಲಿಕೆಯದು. ಐದರಲ್ಲಿ ಎರಡು ಗುಂಪುಗಳು ಇನ್ನೊಂದು ಮಗುವಿನ ನೆರವಿನ ಮೇಲೆಯೇ ನಿಂತಿವೆ ಎಂಬುದನ್ನು ಗಮನಿಸಬೇಕು. ಮಗು ಯಾವ ಗುಂಪಿಗೆ ಹೋಗಬೇಕೆಂಬುದನ್ನು ಅದರ ಕೈಯಲ್ಲಿರುವ ಕಾರ್ಡು ಹೇಳುತ್ತದೆಯೇ ಹೊರತು ಅದರ ಕೇರಿಯಾಗಲಿ, ಮನೆತನವಾಗಲಿ ಹೇಳುವುದಿಲ್ಲ. ಒತ್ತಕ್ಷರದ ಕಾರ್ಡು ಹಿಡಿದ ಮೂರನೇ ತರಗತಿಯ ಹುಡುಗನಿಗೆ ಅದೇ ಮೆಟ್ಟಿಲನ್ನು ಆಗಲೇ ದಾಟಿದ ಎರಡನೇ ತರಗತಿಯ ಹುಡುಗಿ ಗೋಡೆಯ ತಳಭಾಗದ ಕಪ್ಪುಹಲಗೆಯಲ್ಲಿ ಬರೆದು ತೋರಿಸುವ ಸಂದರ್ಭ ಇಲ್ಲಿ ಸಹಜವಾಗಿ ಒದಗಿ ಬರುತ್ತದೆ. ಕೊಡಗಿನಿಂದ ಮರಳಿದ ಹಾಡಿಯ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾದ್ದರಿಂದ ಅದು ‘ಹಿಂದುಳಿದವನು’ ಎಂಬ ಹೆಸರು ಹೊರಬೇಕಾಗಿಲ್ಲ. ಮನೆಯಲ್ಲಿ ಜೇನುಕುರುಬರ ಮಾತಾಡುವ ಮಗುವಿಗೆ ಶಾಲೆಯ ಕನ್ನಡ ತೊಡಕಾದಾಗ, ಅದೇ ಹಾಡಿಯ ಸ್ವಲ್ಪ ದೊಡ್ಡ ಮಗು ಅದನ್ನು ಮನೆಮಾತಿನಲ್ಲೇ ಬಿಡಿಸಿ ಹೇಳಬಲ್ಲದು. ಶಿಕ್ಷಕರ ಕೊರತೆಯಿಂದ ಹುಟ್ಟಿದ ಅನಿವಾರ್ಯತೆಯೊಂದು ಹೀಗೆ ಸಹಬಾಳ್ವೆಯ ತಾಲೀಮೂ ಆಯಿತು. ಅದನ್ನು ಮೊದಲೇ ಯಾರೂ ಗುರಿಯಾಗಿ ಇಟ್ಟುಕೊಂಡಿರಲಿಲ್ಲವೆಂದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಸಮವಯಸ್ಕರ ಒಡನಾಟಕ್ಕೆ ಇಷ್ಟು ಮಹತ್ವ ಕೊಡಬೇಕೇ ಎಂದು ಕೇಳುವವರು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. ಮಕ್ಕಳು ಗೋಲಿಯಾಡುವುದನ್ನು ಕೂತು ಗಮನಿಸಿ, ಅವರನ್ನು ಪ್ರಶ್ನಿಸಿ, ಆತ ಕಂಡುಕೊಂಡದ್ದು ಇದು: ಚಿಕ್ಕ ಮಕ್ಕಳಿಗೆ ನಿಯಮವೆಂದರೆ ದೊಡ್ಡವರಿಂದ ಬಂದ, ಬದಲಿಸಲಾಗದ ಆಜ್ಞೆ, ಬೆಳೆಯುತ್ತ ಬೆಳೆಯುತ್ತ, ತಮ್ಮ ಸರಿಸಮಾನರೊಡನೆ ಆಡಿ, ಜಗಳವಾಡಿ, ರಾಜಿಯಾಗುತ್ತಲೇ, ನಿಯಮವೆಂಬುದು ಎಲ್ಲರೂ ಒಪ್ಪಿ ಮಾಡಿಕೊಂಡದ್ದು, ಒಪ್ಪಿದರೆ ಬದಲಿಸಬಹುದಾದದ್ದು ಎಂಬ ಅರಿವು ಅವರಿಗೆ ಮೂಡುತ್ತದೆ. ಔಟಾದನೋ ಇಲ್ಲವೋ ಎಂದು ಲಗೋರಿಯ ಕಲ್ಲುಗಳ ಸುತ್ತ ಕೂಗಾಡುವ ಮಕ್ಕಳನ್ನು ತಕ್ಷಣ ಬಿಡಿಸಿ ತೀರ್ಪು ಕೊಡುವ ಶಿಕ್ಷಕರು, ಈ ಲೆಕ್ಕದಲ್ಲಿ, ಒಂದು ಪಾಠವನ್ನು ಅರ್ಧಕ್ಕೇ ನಿಲ್ಲಿಸಿದಂತಾಗುತ್ತದೆ.

ಎರಡನೆಯ ಏರ್ಪಾಡು ಊಟದ್ದು. ದೇಶದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಆರಂಭವಾದ 33 ಕಡೆಗಳಲ್ಲಿ ಮೈಸೂರು ಜಿಲ್ಲೆಯದೇ ಆದ ತಿರುಮಕೂಡಲು ನರಸೀಪುರವೂ ಒಂದು. ಮೂರು ವರ್ಷದ ಮಗು ತನ್ನ ಮನೆಯದಲ್ಲದ ಅಡುಗೆಯನ್ನು ಇತರ ಮಕ್ಕಳ ಪಕ್ಕ ಕೂತು ಉಣ್ಣುವ ರೂಢಿ ಅಂದಿನಿಂದ ಬೆಳೆದಿದೆ. ಶಾಲೆಗಳಲ್ಲಿ ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ, ಡಬ್ಬಿ ಕಟ್ಟಿ ಕಳಿಸಿದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ, ಮತ್ತು ಅಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ಸಿದ್ಧವಿದ್ದ ಮಗುವನ್ನು ಹಿಂದಕ್ಕೆ ಎಳೆದದ್ದು ದೊಡ್ಡವರ ಕೈ. ಉಂಡ ಮೇಲೆ ನಲ್ಲಿಯ ಬಳಿ ತಟ್ಟೆ ತೊಳೆಯುವ ಸಾಲಿನಲ್ಲಿ ಯಾರು ಮೊದಲು, ಯಾರಿಗೆ ಯಾರು ನೀರು ಹಿಡಿಯುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿದ ಶಿಕ್ಷಕರಿಗೆ ಆ ಊರಿನ ಸಮಾಜಶಾಸ್ತ್ರವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಯಾವ ಏರ್ಪಾಡೂ ಕೋಣೆಯೊಳಗೆ ಬಂದವರ ನಡುವೆ ಮಾತ್ರ ಕೆಲಸ ಮಾಡಬಲ್ಲದು, ಮತ್ತು ಈ ಸೀಮೆಯ ಮಕ್ಕಳು ಈಗ ಒಂದೇ ಕೋಣೆಗೆ ಬರುವುದು ಕಡಿಮೆಯಾಗುತ್ತಿದೆ. ಹಾಡಿಯ ಮಕ್ಕಳಲ್ಲಿ ಹಲವರು ಸರ್ಕಾರ ಬುಡಕಟ್ಟು ಮಕ್ಕಳಿಗಾಗಿಯೇ ನಡೆಸುವ ವಸತಿಸಹಿತ ಆಶ್ರಮ ಶಾಲೆಗಳಲ್ಲಿದ್ದಾರೆ. ಊಟ, ವಸತಿ ಅಲ್ಲಿ ನಿಶ್ಚಿತವಾದ್ದರಿಂದ ಅದನ್ನು ಹಗುರವಾಗಿ ಟೀಕಿಸುವಂತಿಲ್ಲವಾದರೂ, ಪಕ್ಕದ ಊರಿನ ಮಗು ಅವರ ಹೆಸರನ್ನೂ ಅರಿಯದೆ ಬೆಳೆಯುತ್ತದೆ ಎಂಬುದು ನಿಜ. ಹುಣಸೂರು ತಾಲ್ಲೂಕಿನ ಗುರುಪುರ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಮಕ್ಕಳಿಗೆ ಅವರವೇ ಶಾಲೆಗಳಿವೆ. ಅನುಕೂಲವಿದ್ದವರ ಮಕ್ಕಳನ್ನು ಬೆಳಗಾಗುತ್ತಲೇ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ವ್ಯಾನು ಪೇಟೆಗೆ ಒಯ್ಯುತ್ತದೆ. ಪರಿಸರ ಅಧ್ಯಯನದ ಪಾಠಕ್ಕೆಂದು ಮಕ್ಕಳು ಊರಿನ ನಕ್ಷೆ ಬರೆಯುವಾಗ ತಮ್ಮ ಬೀದಿ, ಗುಡಿ, ಅಂಗಡಿ, ಹಾಲಿನ ಡೈರಿಗಳನ್ನು ತುಂಬುತ್ತಾರೆ. ಕೂಗಳತೆಯ ದೂರದ ಹಾಡಿ ಅದರಲ್ಲಿ ಇದೆಯೇ ಎಂದು ಕೇಳುವುದು ಶಿಕ್ಷಕರ ಕೆಲಸವಾಗುತ್ತದೆ, ಮತ್ತು ಇಲ್ಲವೆಂದಾದರೆ ಮಕ್ಕಳನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಬರುವುದು ಆ ಪಾಠದ ಅತಿ ಮುಖ್ಯ ಭಾಗ.

ನಲಿ-ಕಲಿಯೂ ಹರಡುತ್ತ ಹೋದಂತೆ ಕೆಲವನ್ನು ಕಳೆದುಕೊಂಡಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ, ಅನಂತರ 3ನೇ ತರಗತಿಗೂ ಅದು ವಿಸ್ತರಿಸಿದಾಗ ಕಾರ್ಡುಗಳು ಎಲ್ಲೆಡೆ ಒಂದೇ ಆಗಿ ಮುದ್ರಣಗೊಂಡವು; ತಾವೇ ಬರೆದ ಕಾರ್ಡಿನಿಂದ ಕಲಿಸುವವರ ಜಾಗದಲ್ಲಿ ಕಳಿಸಿದ ಪೆಟ್ಟಿಗೆಯಿಂದ ಕಲಿಸುವವರು ಬಂದರು, ಕಾರ್ಡಿನಲ್ಲಿ ಊರು ಕಾಣುವುದು ಕಡಿಮೆಯಾಯಿತು. ಇನ್ನೂ ದೊಡ್ಡ ತಿರುವು ನಾಲ್ಕನೇ ತರಗತಿಯಲ್ಲಿದೆ. ಅಲ್ಲಿ ಏಣಿ, ತಟ್ಟೆಗಳು ಮುಗಿದು ಸಾಲು, ಪುಸ್ತಕ, ಅಂಕಗಳು ಬರುತ್ತವೆ, ಮತ್ತು ನಿನ್ನೆಯವರೆಗೆ ಪಕ್ಕದವರಿಗೆ ತೋರಿಸಿಕೊಡುವುದನ್ನು ಕೆಲಸವೆಂದೇ ಕಲಿತ ಮಗು ಅದೇ ಕೆಲಸಕ್ಕೆ ಬೈಸಿಕೊಳ್ಳುತ್ತದೆ. ನಾಲ್ಕು ಮತ್ತು ಐದನೇ ತರಗತಿಯ ಪರಿಸರ ಅಧ್ಯಯನದ ಚಟುವಟಿಕೆಗಳನ್ನಾದರೂ, ಉದಾಹರಣೆಗೆ ಊರಿನ ನೀರಿನ ಮೂಲಗಳ ಪಟ್ಟಿ ಮಾಡುವುದನ್ನು, ಬೇರೆ ಬೇರೆ ಕೇರಿಗಳ ಮಕ್ಕಳು ಸೇರಿದ ಗುಂಪುಗಳಿಗೆ ಒಪ್ಪಿಸಿ ಗುಂಪಿಗೇ ಅಂಕ ಕೊಡುವುದಕ್ಕೆ ಹೊಸ ಪುಸ್ತಕವೂ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.