ಬೇಯೊನೆಟ್ಟಾ ಯಾರ ಕೂಸು?

ಪ್ರಶ್ನೆ: ಬೇಯೊನೆಟ್ಟಾ ಎಂಬ ವಿಡಿಯೋ ಆಟವನ್ನು ರಚಿಸಿದವರು ಒಬ್ಬರು, ಪ್ರಕಟಿಸಿದವರು ಮತ್ತೊಬ್ಬರು ಎನ್ನುತ್ತಾರೆ. ಅದು ಹೇಗೆ?
— ಓರ್ವ ವಿದ್ಯಾರ್ಥಿ, ಹೊಸೂರು

ಉತ್ತರ: ತಮ್ಮೂರಿನ ಸಣ್ಣ ಕಾರ್ಯಾಗಾರಗಳು ದೊಡ್ಡ ವಾಹನ ಕಾರ್ಖಾನೆಗಳು ಕೊಟ್ಟ ನಕ್ಷೆಯಂತೆ ಬಿಡಿಭಾಗಗಳನ್ನು ಮಾಡಿಕೊಡುವುದನ್ನು ತಾವು ಕಂಡಿರಬಹುದು; 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯೂ ಪರದೇಶದ ಆಟಗಳಿಗೆ ಬಹುಮಟ್ಟಿಗೆ ಇಂತಹುದೇ ಕಲಾಕಾರ್ಯವನ್ನು ನಿರ್ವಹಿಸಿತು. ಆದರೆ ಬೇಯೊನೆಟ್ಟಾವನ್ನು ರಚಿಸಿದ, ಜಪಾನಿನ ಒಸಾಕಾ ನಗರದ ಪ್ಲಾಟಿನಂ ಗೇಮ್ಸ್ ಸಂಸ್ಥೆಗೂ ನಿಂಟೆಂಡೊ ಸಂಸ್ಥೆಗೂ ಇದ್ದ ಸಂಬಂಧ ಬೇರೆ ತೆರನಾದುದು.

ಹಿಡೆಕಿ ಕಾಮಿಯಾ ಅವರ ನಿರ್ದೇಶನದಲ್ಲಿ ಸಿದ್ಧವಾಗಿ, 2009ರಲ್ಲಿ ಸೆಗಾ ಸಂಸ್ಥೆಯಿಂದ ಜಪಾನಿನಲ್ಲಿ ಪ್ರಕಟವಾದ ಮೊದಲ ಆಟದ ಉತ್ತರಭಾಗವು ಅರ್ಧದಲ್ಲಿಯೇ ಸ್ಥಗಿತಗೊಂಡು, ಅದರ ರಚನಕಾರರು ಆಶ್ರಯದಾತರನ್ನು ಅರಸುತ್ತಿದ್ದ ಸಂಕಟಕಾಲದಲ್ಲಿ, ನಿಂಟೆಂಡೊ ಮುಂದೆ ಬಂದು ಧನವನ್ನೊದಗಿಸಿತು. 2014ರಲ್ಲಿ ಆ ಭಾಗವು ನಿಂಟೆಂಡೊದ ವೀ ಯು ಯಂತ್ರಕ್ಕೆ ಮಾತ್ರವೇ ಮೀಸಲಾಗಿ ಹೊರಬಂದಿತು. ಅನ್ಯ ಯಂತ್ರಗಳ ಅಭಿಮಾನಿಗಳು ಮುನಿದರಾದರೂ, ಹಣ ಹೂಡುವವರಿಲ್ಲದೆ ಆಟವೇ ಹುಟ್ಟುತ್ತಿರಲಿಲ್ಲವೆಂಬುದನ್ನು ನೆನೆದರೆ ಆ ಮುನಿಸು ನನಗೆ ಅಷ್ಟೊಂದು ನ್ಯಾಯವೆನಿಸದು. ನಾಯಕಿಯಾದ ಮಾಟಗಾತಿಗೆ ನಿಂಟೆಂಡೊದ ಲಿಂಕ್, ಸೇಮಸ್ ಮೊದಲಾದ ಪಾತ್ರಗಳ ವೇಷವನ್ನೂ ತೊಡಿಸಲಾಯಿತು. ಸ್ವಾಮ್ಯವಾದರೋ ಸೆಗಾದಲ್ಲಿಯೇ ಉಳಿಯಿತು!

ಇದಕ್ಕೆ ಪ್ರತಿಯಾಗಿ, ಅದೇ ಪ್ಲಾಟಿನಂ ರಚಿಸಿದ 2019ರ ಆ್ಯಸ್ಟ್ರಲ್ ಚೈನ್ ಆಟದ ಸ್ವಾಮ್ಯವು ನಿಂಟೆಂಡೊದ್ದು. ಬೇಯೊನೆಟ್ಟಾದ ಮೂರನೆಯ ಭಾಗ 2022ರಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂದಿತು. ಮರುವರ್ಷವೇ ಕಾಮಿಯಾ ಪ್ಲಾಟಿನಂ ಸಂಸ್ಥೆಯನ್ನು ತೊರೆದರು.