ಎರಡು ಅಂಕದ ಗೆಲುವು, ಆಮೇಲೆ?

2017ರ ಜುಲೈ 29, ಶನಿವಾರ. ಹಿಂದಿನ ದಿನ ಅರ್ಧ ದಿನ ರಜೆ ಹಾಕಿ, ನಾರಾಯಣಗೂಡದ ರೂಮಿನಿಂದ ಬ್ಯಾಗು ಎತ್ತಿಕೊಂಡು ಕಾಚಿಗೂಡದಲ್ಲಿ ಬೆಂಗಳೂರಿನ ರೈಲು ಹತ್ತಿದ್ದೆ. ಹಬ್ಬವೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್ ಇತ್ತು. ‘ಇದಕ್ಕೋಸ್ಕರ ಹೈದರಾಬಾದಿನಿಂದ ಬಂದ್ಯಾ?’ ಎಂದು ಅಕ್ಕ ಕೇಳಿದಳು. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡುವಾಗ ಹಾಸ್ಟೆಲ್ ಕೋರ್ಟಿನಲ್ಲಿ ಹತ್ತಿದ ಹುಚ್ಚು, ಹೇಗೆ ವಿವರಿಸುವುದು!

ಅಂದು ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ಎರಡೇ ಅಂಕ. ಒಂದು ಬುಟ್ಟಿ ಆ ಕಡೆ ಬಿದ್ದಿದ್ದರೆ ಕಥೆ ಬೇರೆ. ನಾಯಕಿ ಚೆನ್ನೈನ ಅನಿತಾ ಪಾಲ್‌ದುರೈ, ಜತೆಗೆ ಪುಣೆಯ ಶಿರೀನ್ ಲಿಮಯೆ, ಕೇರಳದ ಜೀನಾ ಸ್ಕರಿಯಾ. ಗ್ಯಾಲರಿಯಲ್ಲಿ ನಮ್ಮ ಗಂಟಲು ಕಟ್ಟಿಹೋಗಿತ್ತು.

‘ಬಿ’ ವಿಭಾಗ ಗೆದ್ದಿದ್ದಕ್ಕೆ ಇಷ್ಟೊಂದು ಸಂಭ್ರಮವೇ ಎಂದು ನೀವು ಕೇಳಬಹುದು. 2013ರಲ್ಲಿ ಬ್ಯಾಂಕಾಕ್‌ನಲ್ಲಿ ಇದೇ ದೇಶದ ತಂಡ ಏಷ್ಯಾದಲ್ಲಿ ಐದನೇ ಸ್ಥಾನ ಪಡೆದಿತ್ತು. 2015ರಲ್ಲಿ ವುಹಾನ್‌ನಲ್ಲಿ ಸೋತು ಕೆಳಗಿನ ವಿಭಾಗಕ್ಕೆ ಜಾರಿತು. ಅದೇ ಹೊತ್ತಿಗೆ ರಾಷ್ಟ್ರೀಯ ಫೆಡರೇಷನ್ ಒಡೆದು ಎರಡು ಬಣವಾಗಿತ್ತು. ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಮಾನ್ಯತೆ ಕೊಟ್ಟಿದ್ದು ನಮ್ಮವರೇ ಆದ ಕೆ. ಗೋವಿಂದರಾಜ್ ಅವರ ಬಣಕ್ಕೆ. 2017ರಲ್ಲಿ ಸರ್ಬಿಯಾದ ಜೋರನ್ ವಿಸಿಚ್ ಕೋಚ್ ಆಗಿ ಬಂದರು. ಅದೇ ವರ್ಷ ತಂಡ ಮತ್ತೆ ಮೇಲಿನ ವಿಭಾಗಕ್ಕೆ ಏರಿತು.

ಸಾಫ್ಟ್‌ವೇರ್‌ನಲ್ಲಿರುವ ನಮಗೆ ಇದು ಪರಿಚಿತ. ಪ್ರಾಜೆಕ್ಟ್ ಹಳ್ಳ ಹಿಡಿದಾಗ ಮ್ಯಾನೇಜರ್ ಬದಲಾಗುತ್ತಾರೆ. ಕೋಡ್ ಅದೇ, ಜನ ಅವರೇ, ಆದರೂ ಮೂರು ತಿಂಗಳಲ್ಲಿ ಏನೋ ಸರಿಹೋಗುತ್ತದೆ. ಹೊಸಬರು ಹೊಸ ವಿದ್ಯೆ ತಂದಿರುವುದು ಕಡಿಮೆ. ಇದ್ದ ಜನರಿಗೆ ಗೊತ್ತಿದ್ದದ್ದನ್ನೇ ಒಂದು ಕ್ರಮಕ್ಕೆ ತಂದಿರುತ್ತಾರೆ, ಅಷ್ಟೇ. ನನಗೆ ಆಸಕ್ತಿ ಇರುವುದು ನಾಲ್ಕನೇ ತಿಂಗಳಿನಲ್ಲಿ.

ಅದಕ್ಕೇ ಅದೇ ದಿನ ನಡೆದ ‘ಎ’ ವಿಭಾಗದ ಫೈನಲ್ ನೆನಪಾಗುತ್ತದೆ. ಜಪಾನ್ 74, ಆಸ್ಟ್ರೇಲಿಯಾ 73. ಜಪಾನ್‌ಗೂ ಅದು ಹೊಸ ಕೋಚ್‌ನ ಮೊದಲ ವರ್ಷವೇ. ಟಾಮ್ ಹೊವಾಸ್ ಅಮೆರಿಕದವರು. ಆದರೆ ಆಟಗಾರನಾಗಿ ಜಪಾನ್‌ನ ಟೊಯೊಟಾ ತಂಡದಲ್ಲಿ ಆಡಿ, ಆಮೇಲೆ ಅಲ್ಲಿನ ಜೆಎಕ್ಸ್ ಎನಿಯೋಸ್ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟವರು. ಟೈಮ್‌ಔಟ್‌ನಲ್ಲಿ ಹುಡುಗಿಯರಿಗೆ ಜಪಾನಿ ಭಾಷೆಯಲ್ಲೇ ಗದರುತ್ತಿದ್ದರು.

ಎತ್ತರದಲ್ಲಿ ಜಪಾನಿಯರು ಯುರೋಪಿನವರಿಗೆ ಸಾಟಿಯಲ್ಲ. ಬುಟ್ಟಿಯ ಕೆಳಗೆ ಜಗ್ಗಾಡಿದರೆ ಸೋಲು ಖಚಿತ. ಆದ್ದರಿಂದ ಹೊವಾಸ್ ಐವರನ್ನೂ ಹೊರಗೆ ಹರಡಿ ನಿಲ್ಲಿಸಿ ವೇಗವಾಗಿ ಆಡಿಸಿದರು. ಖಾಲಿ ಸಿಕ್ಕಾಗ ಮೂರಂಕದ ಗೆರೆಯ ಆಚೆಯಿಂದ ಎಸೆಯಲೇಬೇಕು, ಹಿಂಜರಿಯುವಂತಿಲ್ಲ. ಲೆಕ್ಕ ಸರಳ: ದೂರದಿಂದ ಮೂರರಲ್ಲಿ ಒಂದು ಬಿದ್ದರೂ ಹತ್ತಿರದಿಂದ ಎರಡರಲ್ಲಿ ಒಂದು ಬಿದ್ದಷ್ಟೇ ಫಲ. ಟೋಕಿಯೊ ಒಲಿಂಪಿಕ್ಸ್‌ಗೆ 193 ಸೆಂ.ಮೀ. ಎತ್ತರದ ತೊಕಾಶಿಕಿ ಗಾಯದಿಂದ ಸಿಗಲಿಲ್ಲ. ಆದರೂ ಕ್ವಾರ್ಟರ್‌ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ 86–85, ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 87–71. ಫೈನಲ್‌ನಲ್ಲಿ ಅಮೆರಿಕಕ್ಕೆ 90–75ರಿಂದ ಸೋತು ಬೆಳ್ಳಿ. ಫ್ರಾನ್ಸ್ ವಿರುದ್ಧ ಪುಟ್ಟ ಮಚಿದಾ ಒಬ್ಬಳೇ 18 ಅಸಿಸ್ಟ್ ಕೊಟ್ಟಿದ್ದು ಒಲಿಂಪಿಕ್ಸ್ ದಾಖಲೆ.

ನಂತರ ಅವರಿಗೆ ಸಿಕ್ಕಿದ್ದು ಪುರುಷರ ತಂಡ. 2019ರ ವಿಶ್ವಕಪ್‌ನಲ್ಲಿ ಆಡಿದ ಐದನ್ನೂ, ಟೋಕಿಯೊದಲ್ಲಿ ಆಡಿದ ಮೂರನ್ನೂ ಸೋತ ತಂಡ ಅದು. ಎರಡು ವರ್ಷದ ನಂತರ, 2023ರ ವಿಶ್ವಕಪ್‌ನಲ್ಲಿ ಎನ್‌ಬಿಎ ತಾರೆ ಹಚಿಮುರಾ ಇಲ್ಲದೆಯೇ ಫಿನ್ಲೆಂಡ್, ವೆನೆಜುವೆಲಾ, ಕೇಪ್ ವರ್ಡೆ ತಂಡಗಳನ್ನು ಸೋಲಿಸಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು.

ಇಲ್ಲಿಗೆ ನಿಲ್ಲಿಸಿದರೆ ‘ಒಳ್ಳೆ ಕೋಚ್ ಸಿಕ್ಕರೆ ಸಾಕು’ ಎಂಬ ವಾಟ್ಸ್ಆ್ಯಪ್ ಸುಭಾಷಿತವಾದೀತು. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಮತ್ತೆ ಕಂಠೀರವಕ್ಕೇ ಬಂತು. ಜಪಾನ್ ಚೀನಾವನ್ನು 71–68ರಿಂದ ಸೋಲಿಸಿ ಮತ್ತೆ ಗೆದ್ದಿತು. ಭಾರತ ಒಂದೂ ಗೆಲ್ಲದೆ ಎಂಟನೇ, ಅಂದರೆ ಕೊನೆಯ ಸ್ಥಾನ. 2021ರಲ್ಲಿ ಅಮ್ಮಾನ್‌ನಲ್ಲೂ ಅಷ್ಟೇ. 2017ರಲ್ಲಿ ಒಂದೇ ದಿನ, ಒಂದೇ ಊರಿನಲ್ಲಿ ಗೆದ್ದ ಎರಡು ತಂಡಗಳು ಹೀಗೆ ಬೇರೆ ಬೇರೆ ದಾರಿ ಹಿಡಿದವು.

ನಮ್ಮ ಹುಡುಗಿಯರ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಅನಿತಾ ದಕ್ಷಿಣ ರೈಲ್ವೆಯ ಉದ್ಯೋಗಿ, ಜೀನಾ ಕೇರಳ ವಿದ್ಯುತ್ ಮಂಡಳಿಯವರು. ನೌಕರಿ ಸಿಕ್ಕಿದ್ದು ಆಟದಿಂದಲೇ, ಅದು ದೊಡ್ಡದು. ಆದರೆ ವರ್ಷವಿಡೀ ಆಡುವ ವೃತ್ತಿಪರ ಲೀಗ್ ಅವರಿಗಿರಲಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್, ಒಂದೆರಡು ಟೂರ್ನಿ, ನಂತರ ಶಿಬಿರ. ಕೋಚ್ ಎಷ್ಟೇ ಜಾಣರಿರಲಿ, ಶಿಬಿರದಲ್ಲಿ ಕಲಿಸಿದ್ದು ಉಳಿಯಬೇಕಾದರೆ ಪಂದ್ಯ ಬೇಕು. ಜಪಾನ್‌ಗೂ ನಮ್ಮದೇ ರೋಗ ಬಂದಿತ್ತು. ಪುರುಷರ ಎರಡು ಲೀಗ್‌ಗಳು ಕಚ್ಚಾಡುತ್ತಿದ್ದುದಕ್ಕೆ 2014ರಲ್ಲಿ ಫಿಬಾ ಆ ದೇಶವನ್ನೇ ಅಮಾನತು ಮಾಡಿತು. ಅವರು ಎರಡನ್ನೂ ಸೇರಿಸಿ 2016ರಲ್ಲಿ ಬಿ.ಲೀಗ್ ಶುರುಮಾಡಿದರು. ಮಹಿಳೆಯರಿಗೆ ಕಂಪನಿಗಳು ನಡೆಸುವ ತಂಡಗಳ ಲೀಗ್ ಅದಕ್ಕೂ ಮೊದಲೇ ಇತ್ತು. ಹೊವಾಸ್ ಬಂದಾಗ ಅಡುಗೆಮನೆಯಲ್ಲಿ ದಿನಸಿ ತುಂಬಿತ್ತು. ವಿಸಿಚ್ ಬಂದಾಗ ನಮ್ಮಲ್ಲಿ ಒಲೆ ಮಾತ್ರ ಇತ್ತು.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ಬೀದಿಯ ಒಂದು ಶಾಲೆ. ಭಾನುವಾರ ಬೆಳಿಗ್ಗೆ ನಾನು ನಾರಾಯಣಗೂಡದ ವೈಎಂಸಿಎ ಕಡೆ ಚೆಂಡು ಬಡಿಯಲು ಹೋಗುತ್ತೇನೆ (ಮೊಣಕಾಲಿನ ಡಾಕ್ಟರಿಗೆ ಇಷ್ಟವಿಲ್ಲ). ನಮ್ಮ ಕೆಳಮನೆಯ ಹುಡುಗಿ ಆ ಶಾಲೆಯ ತಂಡದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವರು ಮೂವತ್ತು ಅಂಕಗಳಲ್ಲಿ ಸೋತು ಬರುತ್ತಿದ್ದರು. ಪಿ.ಟಿ. ಮೇಷ್ಟ್ರು ಒಳ್ಳೆಯವರೇ, ಆದರೆ ಕಬಡ್ಡಿ, ಖೋಖೋ, ವಾರ್ಷಿಕೋತ್ಸವದ ಡ್ರಿಲ್ ಎಲ್ಲ ಅವರ ತಲೆಯ ಮೇಲೆ. ಆಮೇಲೆ ರೈಲ್ವೆಯಲ್ಲಿ ಆಡಿ ನಿವೃತ್ತರಾದ ಒಬ್ಬ ಮಹಿಳೆ ಕೋಚ್ ಆಗಿ ಬಂದರು. ಅವರ ಮೊದಲ ಆದೇಶ: ಅಭ್ಯಾಸ ಪಂದ್ಯದಲ್ಲಿ ಯಾರೂ ಚೆಂಡನ್ನು ನೆಲಕ್ಕೆ ಬಡಿಯುವಂತಿಲ್ಲ, ಪಾಸ್ ಮಾತ್ರ. ಇಬ್ಬರು ಎತ್ತರದ ಹುಡುಗಿಯರು ಆಡಿ ಮೂವರು ನಿಂತು ನೋಡುವ ತಂಡವಾಗಿತ್ತು ಅದು. ಬಡಿಯುವಂತಿಲ್ಲ ಎಂದಮೇಲೆ ಪಾಸ್ ತೆಗೆದುಕೊಳ್ಳಲು ಐವರೂ ಓಡಲೇಬೇಕು. ನಮ್ಮ ಹುಡುಗಿ ಕುಳ್ಳಿ. ಅಲ್ಲಿಯವರೆಗೆ ಅವಳಿಗೆ ಚೆಂಡೇ ಸಿಗುತ್ತಿರಲಿಲ್ಲ. ಈಗ ಆಟ ನಡೆಸುವುದೇ ಅವಳು. ಕಳೆದ ಚಳಿಗಾಲದಲ್ಲಿ ಸತತ ನಾಲ್ಕು ಪಂದ್ಯ ಗೆದ್ದರು.

ಈಗ ಅವಳದು ಹತ್ತನೇ ತರಗತಿ ಮುಗಿದಿದೆ. ಹೈದರಾಬಾದಿನಲ್ಲಿರುವವರಿಗೆ ಇದರ ಅರ್ಥ ಗೊತ್ತು: ಇಂಟರ್. ಬೆಳಿಗ್ಗೆ ಏಳರಿಂದ ರಾತ್ರಿಯವರೆಗೆ ಜೆಇಇ. ಅವಳಪ್ಪ ನನ್ನನ್ನು ‘ಎಂ.ಟೆಕ್ ಮಾಡಿದವರು, ನೀವೇ ಹೇಳಿ’ ಎಂದು ಕೇಳಿದರು. ಆಟದ ಮೈದಾನವಿರುವ ಕಾಲೇಜು ಹುಡುಕೋಣ ಎಂದೆ. ಕಳೆದ ಭಾನುವಾರ ಸ್ಕೂಟರಿನಲ್ಲಿ ಹಿಮಾಯತ್‌ನಗರ, ನಾರಾಯಣಗೂಡ ಸುತ್ತಿದೆವು. ನೋಡಿದ್ದರಲ್ಲಿ ಹೆಚ್ಚಿನವು ನಾಲ್ಕು ಮಹಡಿ, ಕೆಳಗೆ ಪಾರ್ಕಿಂಗ್. ಒಂದು ಕಡೆ ಗೋಡೆಗೆ ಬುಟ್ಟಿ ಇತ್ತು, ಅದರ ಕೆಳಗೆ ಬೈಕುಗಳ ಸಾಲು.

ಕೋಚ್ ಅಮ್ಮ ಬೆಳಿಗ್ಗೆ ಐದೂವರೆಗೆ ಬಂದರೆ ಒಂದು ಗಂಟೆ ಹೇಳಿಕೊಡುತ್ತೇನೆ ಎಂದಿದ್ದಾರೆ. ಅವಳಪ್ಪ ನೋಡಿಟ್ಟಿರುವ ಕಾಲೇಜಿನ ಬಸ್ಸು ಆರೂಮುಕ್ಕಾಲಿಗೆ. ಶುಲ್ಕ ಕಟ್ಟಲು ಹದಿನೈದನೇ ತಾರೀಕು ಕೊನೆಯ ದಿನ. ಅವರಿನ್ನೂ ಕಟ್ಟಿಲ್ಲ.